ಕೊಂಡ ಮನೆ, ಬಾಡಿಗೆಯ ಹಂಡೆ

ನಮ್ಮ ಕಡೆ ಹಳೆಯ ಮನೆಯೊಂದನ್ನು ಕೊಳ್ಳುವಾಗ ಬಚ್ಚಲಿನ ತಾಮ್ರದ ಹಂಡೆ ಯಾರದೆಂಬ ಪ್ರಶ್ನೆ ಬಂದರೆ ಉತ್ತರಗಳು ಎರಡೇ. ಒಂದೋ ಅದು ಮನೆಯೊಡನೆ ಬಂದಿತು, ಇಲ್ಲವೆ ಮಾರಿದವರು ಹೊತ್ತುಕೊಂಡು ಹೋದರು. ಮೂರನೆಯ ಉತ್ತರವೂ ಉಂಟೆಂದರೆ ಸಹಪಾಠಿಗಳು ನಕ್ಕಾರು. ಹಂಡೆ ಮನೆಯಲ್ಲಿಯೇ ಉಳಿಯುತ್ತದೆ. ಆದರೆ ಅದು ಮಾರಿದವನದೂ ಅಲ್ಲ, ಕೊಂಡವನದೂ ಅಲ್ಲ, ಯಾವುದೋ ಒಂದು ಕಂಪನಿಯದು. ಕೊಂಡವನು ತಾನೆಂದೂ ಕಾಣದ ಆ ಕಂಪನಿಗೆ ತಿಂಗಳು ತಿಂಗಳು ಬಾಡಿಗೆ ತೆರಬೇಕು. ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಇದು ನಿತ್ಯದ ಸಂಗತಿ. ಟೊರಾಂಟೊ ನಗರದ ಸುತ್ತಮುತ್ತ ನೆಲೆಸಿ ಮನೆ ಕೊಳ್ಳುತ್ತಿರುವ ಕನ್ನಡಿಗರ ಕುಟುಂಬಗಳೂ ಇರುವುದರಿಂದ ಈ ವಿಷಯ ನಮಗೆ ತೀರ ದೂರದ್ದೂ ಅಲ್ಲ.

ಅಲ್ಲಿ ಚಳಿ ಬಹಳ. ಬಿಸಿನೀರಿಲ್ಲದೆ ಒಂದು ದಿನವೂ ನಡೆಯದು. ಹಿಂದೆ ಅಡುಗೆ ಅನಿಲ ಸರಬರಾಜು ಮಾಡುವ ಕಂಪನಿಗಳೇ ನೀರು ಕಾಯಿಸುವ ಹಂಡೆಯನ್ನು ಬಾಡಿಗೆಗೆ ಕೊಟ್ಟು, ಆ ಬಾಡಿಗೆಯನ್ನು ಅನಿಲದ ಬಿಲ್ಲಿನಲ್ಲಿಯೇ ಸೇರಿಸುತ್ತಿದ್ದವು. ಹಂಡೆ ಕೆಟ್ಟರೆ ಅವರೇ ರಿಪೇರಿ ಮಾಡುವರು. ಆದಕಾರಣ ಜನರಿಗೆ ಅದು ಅನುಕೂಲವಾಗಿಯೇ ಕಂಡಿತು. ಕ್ರಮೇಣ ಬೇರೆ ಕಂಪನಿಗಳು ಈ ವ್ಯಾಪಾರಕ್ಕೆ ಇಳಿದವು. ಹಂಡೆಯ ಜೊತೆಗೆ ಮನೆ ಬೆಚ್ಚಗಿಡುವ ಫರ್ನೇಸು, ಹವಾನಿಯಂತ್ರಣ ಯಂತ್ರ, ಗಡಸು ನೀರನ್ನು ಮೆದುವಾಗಿಸುವ ಸಾಧನ, ನೀರು ಸೋಸುವ ಫಿಲ್ಟರು ಇವೆಲ್ಲವೂ ಬಾಡಿಗೆಯ ರೂಪದಲ್ಲಿ ನೆಲಮಾಳಿಗೆ ಸೇರಿದವು. ಹೊಸದಾಗಿ ಕಟ್ಟಿದ ಮನೆಯಾದರೆ ಕಟ್ಟಿದವನೇ ಒಂದು ಕಂಪನಿಯೊಡನೆ ಮಾತನಾಡಿ ಬಾಡಿಗೆಯ ಹಂಡೆಯನ್ನು ಇರಿಸಿರುವುದುಂಟು.

ಹಣದ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ತಿಂಗಳ ಬಾಡಿಗೆ 45 ಡಾಲರ್, ಅದು ವರ್ಷಕ್ಕೆ ನೂರಕ್ಕೆ 3ರಂತೆ ಏರುವುದು ಎಂದು ಇಟ್ಟುಕೊಳ್ಳಿ. ಮೊದಲ ವರ್ಷ ತೆತ್ತದ್ದು 540 ಡಾಲರ್. 10 ವರ್ಷಕ್ಕೆ ಸುಮಾರು 6,190. 15 ವರ್ಷಕ್ಕೆ 10,000ಕ್ಕೂ ಸ್ವಲ್ಪ ಹೆಚ್ಚು. ಅಷ್ಟು ಕೊಟ್ಟ ಮೇಲೂ ಹಂಡೆ ಕಂಪನಿಯದೇ! ಬೇಡವೆಂದು ಹಿಂದಿರುಗಿಸಹೊರಟರೆ ಅದಕ್ಕೂ ಅಡ್ಡಿ. ಗ್ರಾಹಕರು ಹಂಡೆಯನ್ನು ಹಿಂದಿರುಗಿಸದಂತೆ ತೊಡಕು ಒಡ್ಡುತ್ತವೆಂದು ಕೆನಡಾದ ಸ್ಪರ್ಧಾ ಬ್ಯೂರೋ 2012ರಲ್ಲಿ ಎರಡು ದೊಡ್ಡ ಕಂಪನಿಗಳ ಮೇಲೆ ದೂರು ಹೂಡಿತು. 2014ರಲ್ಲಿ ಅವುಗಳಲ್ಲೊಂದು 50 ಲಕ್ಷ ಡಾಲರ್ ದಂಡ ತೆರಲು ಒಪ್ಪಿಕೊಂಡಿತು.

ಈಗ ನ್ಯಾಯಶಾಸ್ತ್ರದ ಪ್ರಶ್ನೆಗೆ ಬರೋಣ. ಕರಾರು ಅದನ್ನು ಮಾಡಿಕೊಂಡವರನ್ನು ಮಾತ್ರ ಕಟ್ಟಿಹಾಕುತ್ತದೆ ಎಂಬುದು ಸಾಮಾನ್ಯ ನಿಯಮ. ಬಾಡಿಗೆಯ ಕಾಗದಕ್ಕೆ ಸಹಿ ಹಾಕಿದವನು ಹಿಂದಿನ ಮನೆಯೊಡೆಯ. ಹಾಗಿದ್ದರೆ ಕೊಂಡವನ ಕೊರಳಿಗೆ ಅದು ಬೀಳುವುದು ಹೇಗೆ? ಬಹುಮಟ್ಟಿಗೆ ಅವನ ಲೇಖನಿಯಿಂದಲೇ. ಒಂಟೇರಿಯೊದಲ್ಲಿ ಬಳಕೆಯಲ್ಲಿರುವ ಅಚ್ಚಾದ ಕ್ರಯದ ಕರಾರಿನಲ್ಲಿ ಬಾಡಿಗೆ ವಸ್ತುಗಳಿಗೆಂದೇ ಒಂದು ಕಲಮು ಇದೆ. ಅಲ್ಲಿ ಬರೆದ ವಸ್ತುಗಳು ಕ್ರಯದ ಬೆಲೆಗೆ ಸೇರಿಲ್ಲ, ಅವುಗಳ ಬಾಡಿಗೆ ಕರಾರು ವರ್ಗಾವಣೆಗೆ ಬರುವಂಥದಾದರೆ ಕೊಳ್ಳುವವನು ವಹಿಸಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ. ಆ ಖಾಲಿ ಗೆರೆಯ ಮೇಲೆ ದಲ್ಲಾಳಿಗಳು "ಬಿಸಿನೀರಿನ ಹಂಡೆ, ಬಾಡಿಗೆಯದಾದರೆ" ಎಂದು ಗೀಚಿಬಿಡುವುದು ವಾಡಿಕೆ. ಈ 'ಆದರೆ' ಎಂಬ ಮಾತೇ ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕರ. ಕಂಪನಿ ಯಾವುದು, ಬಾಡಿಗೆ ಎಷ್ಟು, ಇನ್ನೆಷ್ಟು ವರ್ಷ, ಇವೊಂದೂ ತಿಳಿಯದೆ ಮನುಷ್ಯನು ಸಾಲಕ್ಕೆ ಒಪ್ಪಿದಂತಾಯಿತು.

ಎರಡನೆಯ ದಾರಿಯೊಂದಿತ್ತು. ಯಂತ್ರವನ್ನು ಮನೆಗೆ ಜೋಡಿಸಿದ ಕಂಪನಿಯು ತನ್ನ ಭದ್ರತಾ ಹಕ್ಕಿನ ನೋಟೀಸನ್ನು ಆ ಮನೆಯ ಭೂದಾಖಲೆಯಲ್ಲಿಯೇ ನೋಂದಾಯಿಸಬಹುದಾಗಿತ್ತು. ಮನೆ ಮಾರುವ ಹೊತ್ತಿಗೆ ಇದು ಹೊರಬಿದ್ದು, ಯಂತ್ರದ ಬೆಲೆಗಿಂತ ಎಷ್ಟೋ ಹೆಚ್ಚು ಹಣ ತೆತ್ತು ಬಿಡಿಸಿಕೊಳ್ಳಬೇಕಾದ ಪ್ರಸಂಗಗಳು ಬಂದವು. ವೃದ್ಧರು ವಿಶೇಷವಾಗಿ ನೊಂದರು. ಕೊನೆಗೆ 2024ರ ಜೂನ್ 6ರಿಂದ ಗೃಹಸ್ಥರ ಬಳಕೆಯ ವಸ್ತುಗಳಿಗೆ ಇಂಥ ನೋಟೀಸನ್ನು ನೋಂದಾಯಿಸುವುದನ್ನು ಪ್ರಾಂತ ಸರ್ಕಾರ ಕಾಯಿದೆಯಿಂದ ನಿಷೇಧಿಸಿತು. ಹಳೆಯ ನೋಟೀಸುಗಳೂ ಮುಗಿದವೆಂದೇ ಗಣನೆ. ಆದರೆ ಗಮನಿಸಬೇಕು: ಬಿದ್ದುಹೋದದ್ದು ನೋಟೀಸು, ಬಾಡಿಗೆಯ ಕರಾರಲ್ಲ. ನಾವು ಸಬ್‌ರಿಜಿಸ್ಟ್ರಾರ್ ಕಛೇರಿಯಲ್ಲಿ ಋಣಭಾರ ಪತ್ರ ತೆಗೆಸುವಂತೆ ಅಲ್ಲಿಯೂ ವಕೀಲರು ಭೂದಾಖಲೆಯನ್ನು ಶೋಧಿಸುವರು. ಹಿಂದೆ ನೋಟೀಸು ಅಲ್ಲಿ ಕಣ್ಣಿಗೆ ಬಿದ್ದು ಎಚ್ಚರಿಸುತ್ತಿತ್ತು. ಈಗ ದಾಖಲೆ ಶುಭ್ರ, ನೆಲಮಾಳಿಗೆಯಲ್ಲಿ ಮಾತ್ರ ಬಾಡಿಗೆ ಹಾಗೆಯೇ. ಒಳ್ಳೆಯ ಕಾಯಿದೆಯೇ ಸರಿ, ಆದರೂ ಕೊಳ್ಳುವವನು ಬಾಯಿಬಿಟ್ಟು ಕೇಳುವ ಹೊಣೆ ಹೆಚ್ಚಿತೆನ್ನಬೇಕು.

ಕೇಳುವುದಾದರೂ ಸಹಿಗೆ ಮೊದಲೇ ಕೇಳಬೇಕು. ಮನೆ ನೋಡಲು ಹೋದವರು ಅಡುಗೆಮನೆಯನ್ನು ನೋಡಿ ಮೆಚ್ಚಿ ಹಿಂದಿರುಗುವರು. ಕೆಳಗಿಳಿದು ಹಂಡೆಗೆ ಅಂಟಿಸಿದ ಕಂಪನಿಯ ಚೀಟಿಯನ್ನು ಓದುವವರು ವಿರಳ. ಮಾರುವವನಿಂದ ಅನಿಲದ ಬಿಲ್ಲನ್ನೂ ಬಾಡಿಗೆ ಕರಾರಿನ ಪೂರ್ಣ ಪ್ರತಿಯನ್ನೂ ತರಿಸಿಕೊಳ್ಳಬೇಕು. ಬೇಡವಾದರೆ ಕಲಮನ್ನು ಹೊಡೆದುಹಾಕಿಸಿ, ಮನೆ ಕೈಗೆ ಬರುವ ದಿನದೊಳಗೆ ಮಾರುವವನೇ ಬಾಕಿ ತೀರಿಸಿ ಯಂತ್ರವನ್ನು ಬಿಡಿಸಿಕೊಡತಕ್ಕದ್ದು ಎಂದು ಬರೆಸಬೇಕು. ಅದು ಒಪ್ಪಿಗೆಯಾಗದಿದ್ದರೆ ಬಿಡಿಸಿಕೊಳ್ಳುವ ಮೊಬಲಗನ್ನು ಮನೆಯ ಬೆಲೆಯಿಂದ ಇಳಿಸಿ ಎಂದು ಚೌಕಾಸಿ ಮಾಡಬಹುದು. ಲಕ್ಷಗಟ್ಟಲೆ ಡಾಲರಿನ ವ್ಯವಹಾರದಲ್ಲಿ ಹಂಡೆಯ ಮಾತೆತ್ತಲು ಸಂಕೋಚವೆನ್ನುವವರಿದ್ದಾರೆ. ಮೇಲಿನ ಲೆಕ್ಕ ಅವರಿಗಾಗಿಯೇ.

ಸಹಿಯಾದ ಮೇಲೆ ಗೊತ್ತಾದರೆ? ಆಗಲೂ ಬಾಡಿಗೆಯ ಕಲಮಿನಲ್ಲಿ ಆ ಯಂತ್ರದ ಹೆಸರಿದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ, ಬೆಲೆಗೆ ಸೇರಿದ ಜೋಡಿಸಿದ ವಸ್ತುಗಳನ್ನೆಲ್ಲ ಋಣಭಾರವಿಲ್ಲದೆ ಒಪ್ಪಿಸುವೆನೆಂದು ಅದೇ ಅಚ್ಚಾದ ಕರಾರಿನಲ್ಲಿ ಮಾರುವವನು ಮಾತು ಕೊಟ್ಟಿರುತ್ತಾನೆ. ವಕೀಲರ ಮೂಲಕ ಅವನನ್ನೇ ಹಿಡಿಯಬೇಕು. ಕಂಪನಿಯಿಂದ ಬಂದ ಬಿಲ್ಲನ್ನು ವಿಚಾರಿಸದೆ ಕಟ್ಟುವುದಾಗಲಿ, 'ವಿಳಾಸ ಬದಲಾವಣೆ'ಯೆಂದು ಬಂದ ಕಾಗದಕ್ಕೆ ಓದದೆ ಸಹಿ ಹಾಕುವುದಾಗಲಿ ಕೂಡದು. ಇಲ್ಲದ ಕರಾರು ಹುಟ್ಟುವುದು ಹೀಗೆ. ಇನ್ನೊಂದು ವಿಚಾರಣೆಯೂ ಉಪಯುಕ್ತ. ಹಂಡೆ, ಫರ್ನೇಸು, ಫಿಲ್ಟರು ಮೊದಲಾದವನ್ನು ಕರೆಯದೆ ಮನೆಬಾಗಿಲಿಗೆ ಬಂದು ಮಾರುವುದು ಅಥವಾ ಬಾಡಿಗೆಗೆ ಕೊಡುವುದು 2018ರ ಮಾರ್ಚ್ 1ರಿಂದ ಅಲ್ಲಿ ನಿಷಿದ್ಧ. ಅದನ್ನು ಮೀರಿ ಮಾಡಿಸಿಕೊಂಡ ಕರಾರು ಅಸಿಂಧು. ಗ್ರಾಹಕನು ವಸ್ತುವನ್ನು ಹಣ ಕೊಡದೆ ಇಟ್ಟುಕೊಳ್ಳಬಹುದು. ಆದ್ದರಿಂದ ಬಾಡಿಗೆಯ ಕಾಗದ ಕೈಗೆ ಬಂದಾಗ ಮೊಬಲಗಿಗಿಂತ ಮುಂಚೆ ನೋಡಬೇಕಾದದ್ದು ಅದರ ತಾರೀಖನ್ನು; ಆಮೇಲೆ, ಅಂದು ಯಾರು ಯಾರ ಬಾಗಿಲು ತಟ್ಟಿದರೆಂದು ಹಿಂದಿನ ಮನೆಯೊಡೆಯನನ್ನು ಕೇಳಬೇಕು.