ವಜ್ರದೋಲೆ ಮಾರುವ ಮುನ್ನ

ಚಿನ್ನಕ್ಕೆ ದಿನದ ಬೆಲೆ ಅಂತ ಒಂದಿದೆ. ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಗ್ರಾಂಗೆ ಎಷ್ಟು ಎಂದು ಕಾಣುತ್ತದೆ; ಹಳೇ ಬಳೆ ಹಿಡಿದು ಯಾವ ಅಂಗಡಿಗೆ ಹೋದರೂ ಲೆಕ್ಕ ಹೆಚ್ಚುಕಡಿಮೆ ಅದರ ಸುತ್ತಲೇ ಇರುತ್ತದೆ. ವಜ್ರಕ್ಕೆ ಆ ಭಾಗ್ಯವಿಲ್ಲ. ಒಂದೇ ತೂಕದ ಎರಡು ಹರಳುಗಳಲ್ಲಿ ಒಂದರ ಬೆಲೆ ಇನ್ನೊಂದರ ಎರಡು ಮೂರು ಪಟ್ಟು ಇರಬಹುದು. ಮಾರ್ಟಿನ್ ರ‍್ಯಾಪಪೋರ್ಟ್ ಎಂಬ ನ್ಯೂಯಾರ್ಕ್ ವ್ಯಾಪಾರಿ 1978ರಲ್ಲಿ ಶುರುಮಾಡಿದ ದರಪಟ್ಟಿಯನ್ನು ಮುಂದಿಟ್ಟುಕೊಂಡು ಜಗತ್ತಿನ ವಜ್ರದ ವ್ಯಾಪಾರಿಗಳು ಚೌಕಾಸಿ ಮಾಡುತ್ತಾರೆ, ನಿಜ. ಆದರೆ ಅದು ವ್ಯಾಪಾರಿಗಳು ತಮ್ಮತಮ್ಮಲ್ಲಿ ಬಳಸುವ ಪಟ್ಟಿ. ನಮ್ಮ ಬೀರುವಿನಲ್ಲಿರುವ ಓಲೆಗೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನಮ್ಮಮ್ಮನದು ಏಳು ಕಲ್ಲಿನ ಬೆಂಡೋಲೆ. 1971ರಲ್ಲಿ ಅವಳ ಮದುವೆಗೆ ಅಜ್ಜ ಮಾಡಿಸಿಕೊಟ್ಟದ್ದು. ವಯಸ್ಸಾದಂತೆ ಕಿವಿ ಜೋತುಬಿದ್ದು, ತೂತು ಸೀಳಿದಂತಾಗಿ, ಓಲೆಯ ಭಾರ ತಡೆಯದಾಯಿತು. ಆಮೇಲೆ ಅದು ಲಾಕರಿನಲ್ಲೇ ಇತ್ತು. ಮಾರೋಣ ಎಂದವಳು ಅವಳೇ. ತವರಿನ ವಜ್ರ ಮಾರಬಾರದು ಎಂದು ಬಂಧುಗಳಲ್ಲಿ ಕೆಲವರು ರಾಗ ಎಳೆದರು. ಆ ಮಾತಿಗೆ ನನ್ನಲ್ಲಿ ಗೌರವವಿಲ್ಲ. ಮದುವೆಯಲ್ಲಿ ತವರಿನವರು ಕೊಟ್ಟ ಒಡವೆ ಸ್ತ್ರೀಧನ. ಇಟ್ಟುಕೊಳ್ಳುವುದೂ ಮಾರುವುದೂ ಅವಳಿಗೆ ಬಿಟ್ಟದ್ದು. ಕಾನೂನೂ ಹಾಗೆಯೇ ಹೇಳುತ್ತದೆ.

ಮೊದಲು ಹೋದದ್ದು ಒಂದು ದೊಡ್ಡ ಅಂಗಡಿಗೆ. ಓಲೆಯನ್ನು ತಕ್ಕಡಿಗಿಟ್ಟರು, ಕಲ್ಲಿನ ತೂಕವೆಂದು ಒಂದೂವರೆ ಗ್ರಾಂ ಕಳೆದರು, ಉಳಿದ ಚಿನ್ನಕ್ಕೆ ಬೆಲೆ ಹೇಳಿದರು. ವಜ್ರಕ್ಕೆ? ‘ನಮ್ಮ ಬಿಲ್ ಇಲ್ವಲ್ಲ ಮೇಡಂ, ಹೊರಗಿನ ಕಲ್ಲಿಗೆ ನಾವು ರೇಟ್ ಕಟ್ಟಲ್ಲ.’ ಹಾಗಾದರೆ ಕಲ್ಲು ಬಿಡಿಸಿ ನಮಗೇ ಕೊಡಿ ಎಂದರೆ ಅದಕ್ಕೂ ಹಿಂದೇಟು. ಅಂದರೆ ಚಿನ್ನದ ದುಡ್ಡಿಗೆ ವಜ್ರವೂ ಅವರ ಪಾಲಾಗುತ್ತಿತ್ತು. ಅಲ್ಲಿಂದ ಎದ್ದು ಬಂದೆವು.

ಒಂದು ಲೆಕ್ಕವನ್ನು ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಂಡಿರಬೇಕು. ವಜ್ರದ ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಐದು ಕ್ಯಾರಟ್ ಸೇರಿದರೆ ಒಂದು ಗ್ರಾಂ. ಒಂದು ಕ್ಯಾರಟ್‌ಗೆ 100 ಸೆಂಟ್. ಕಲ್ಲಿಗೆಂದು ಒಂದೂವರೆ ಗ್ರಾಂ ಕಳೆದರೆ ಆ ಓಲೆಯಲ್ಲಿ ಏಳೂವರೆ ಕ್ಯಾರಟ್ ವಜ್ರ ಇರಬೇಕಾಗುತ್ತದೆ. ಅಮ್ಮನ ಓಲೆಯಲ್ಲಿ ಅಷ್ಟಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಹೆಚ್ಚಿಗೆ ಕಳೆದದ್ದೆಲ್ಲ ಚಿನ್ನವೇ.

ಹಳೆಯ ವಜ್ರ ಕೊಳ್ಳಲು ಅಂಗಡಿಯವರು ಹಿಂಜರಿಯುವುದಕ್ಕೆ ಕಾರಣವೂ ಇದೆ. 1982ರಲ್ಲಿ ಎಡ್ವರ್ಡ್ ಜೇ ಎಪ್‌ಸ್ಟೀನ್ ಎಂಬ ಅಮೆರಿಕದ ಪತ್ರಕರ್ತ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಕೊಂಡ ವಜ್ರವನ್ನು ಮತ್ತೆ ಮಾರುವುದು ಎಷ್ಟು ಕಷ್ಟ ಎಂದು ದೀರ್ಘವಾಗಿ ಬರೆದಿದ್ದರು. ಅವರು ತೋರಿಸಿದ ಸಂಗತಿ ಇಂದಿಗೂ ನಿಜ: ಚಿಲ್ಲರೆ ಅಂಗಡಿಗೆ ಸಗಟು ವ್ಯಾಪಾರಿಗಳು ಹರಳನ್ನು ಸಾಲವಾಗಿ ಕೊಟ್ಟಿರುತ್ತಾರೆ, ಮಾರಾಟವಾದ ಮೇಲೆ ಹಣ. ಹಾಗಿರುವಾಗ ನಮ್ಮ ಕಲ್ಲಿಗೆ ಕೈಯಿಂದ ನಗದು ಸುರಿದು, ಗಿರಾಕಿ ಬರುವವರೆಗೆ ಕಾದು ಕೂರಲು ಅವರಿಗೆ ಮನಸ್ಸು ಬರುವುದಿಲ್ಲ. ಸಗಟು ಬೆಲೆಗಿಂತಲೂ ಕೆಳಗೆ ಸಿಕ್ಕರೆ ಮಾತ್ರ ಕೊಳ್ಳುತ್ತಾರೆ. ನಮ್ಮ ಕಡೆ ಇನ್ನೊಂದು ತೊಡಕು ಸೇರಿಕೊಂಡಿದೆ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ಕಪ್ಪು ಚುಕ್ಕೆ ಇದ್ದರೆ ಮನೆಗೆ ಕೇಡು ಎಂಬ ನಂಬಿಕೆಯಿಂದ ಇನ್ನೊಬ್ಬರು ಧರಿಸಿದ ಕಲ್ಲನ್ನು ಅನೇಕರು ಮುಟ್ಟುವುದೇ ಇಲ್ಲ.

ಆದ್ದರಿಂದ ನಾನು ಪಟ್ಟುಹಿಡಿದು ಹೇಳುವ ಮಾತು ಒಂದೇ: ಕೊಳ್ಳುವವನ ಬಾಯಿಂದ ಬೆಲೆ ಕೇಳುವ ಮೊದಲು, ಕೊಳ್ಳದವನ ಕೈಯಿಂದ ಪರೀಕ್ಷೆ ಮಾಡಿಸಿ. ರತ್ನ ಪರೀಕ್ಷೆಯ ಪ್ರಯೋಗಾಲಯಗಳಿವೆ, ಸರ್ಕಾರದಲ್ಲಿ ನೋಂದಾಯಿತರಾದ ಮೌಲ್ಯಮಾಪಕರಿದ್ದಾರೆ. ಶುಲ್ಕ ಕೊಡಬೇಕು, ಕೊಡಿ. ಹಾಲ್‌ಮಾರ್ಕ್ ಇದೆಯಲ್ಲ ಎಂದು ಸಮಾಧಾನಪಡುವವರಿದ್ದಾರೆ. ಆ ಮುದ್ರೆ ಚಿನ್ನದ ಶುದ್ಧತೆಗೆ ಮಾತ್ರ, ಕಲ್ಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಅಮ್ಮನ ಓಲೆ ಹಿಂಬದಿ ಮುಚ್ಚಿದ ಕಟ್ಟಡ. ಚಿನ್ನದ ಗೂಡಿನೊಳಗೆ ಕೂತ ಹರಳಿನ ಬಣ್ಣ ಹೊರಗಿನಿಂದ ಸರಿಯಾಗಿ ಕಾಣದು, ಅದನ್ನು ನೋಡಿ ಕೊಟ್ಟ ವರದಿ ಅಂದಾಜಷ್ಟೇ. ಬಿಡಿಸಲೇಬೇಕಾಯಿತು. ನಗರತ್‌ಪೇಟೆಯ ಒಂದು ಮಹಡಿಯ ಮೇಲೆ ವಯಸ್ಸಾದ ಆಚಾರಿಯೊಬ್ಬರು ಆ ಕೆಲಸ ಮಾಡಿಕೊಟ್ಟರು. ಮೊದಲು ಓಲೆಯನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕಿ ಬ್ರಷ್‌ನಿಂದ ಉಜ್ಜಿದರು. ಎಣ್ಣೆ, ಅರಿಶಿನ, ಸೀಗೆಪುಡಿಯ ಕಂದು ಜಿಡ್ಡು ಬಿಟ್ಟಿತು. ಆಮೇಲೆ ಉಳಿಯ ತುದಿಯಿಂದ ಒಂದೊಂದೇ ಗೂಡಿನ ಅಂಚನ್ನು ಹಿಂದಕ್ಕೆ ಮಡಿಸುತ್ತಾ ಬಂದರು. ಬಿಳಿ ಕಾಗದದ ಮೇಲೆ ಹದಿನಾಲ್ಕು ಕಲ್ಲು. ಅಲ್ಲಿಯವರೆಗೂ ಎಲ್ಲವೂ ಒಂದೇ ಎಂದುಕೊಂಡಿದ್ದೆವು. ಕಾಗದದ ಮೇಲೆ ಹನ್ನೆರಡು ಹರಳು ತಿಳಿಬೆಳ್ಳಗೆ ಹೊಳೆದರೆ ಎರಡು ತುಸು ಹಳದಿ. ಯಾವಾಗಲೋ ಉದುರಿಹೋದವುಗಳ ಬದಲಿಗೆ ಕೂರಿಸಿದ್ದಿರಬೇಕು ಎಂದರು ಆಚಾರಿ. ಒಟ್ಟು ತೂಕ 2.10 ಕ್ಯಾರಟ್. ಅಂದರೆ 0.42 ಗ್ರಾಂ! ದೊಡ್ಡ ಅಂಗಡಿಯವರು ಕಳೆದದ್ದು ಒಂದೂವರೆ.

‘ಒಳ್ಳೇ ಬ್ಲೂ ಜಾಗರ್ ಇದು,’ ಎಂದು ಆಚಾರಿ ಕಣ್ಣಿನ ಮಸೂರ ತೆಗೆದರು. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ನೀಲಿ ಛಾಯೆಯ ಬಿಳಿ ಹರಳುಗಳಿಂದ ಬಂದ ಹೆಸರು; ನಮ್ಮ ಪೇಟೆಗಳಲ್ಲಿ ಇಂದಿಗೂ ಉತ್ತಮ ಕಲ್ಲಿಗೆ ಅದೇ ಮಾತು. ಆದರೆ ಪ್ರಯೋಗಾಲಯದ ವರದಿಯಲ್ಲಿ ಈ ಹೆಸರು ಬರುವುದಿಲ್ಲ. ಅಲ್ಲಿ ಬಣ್ಣಕ್ಕೆ ಡಿ, ಇ, ಎಫ್ ಎಂಬ ಅಕ್ಷರಗಳು, ಒಳದೋಷಕ್ಕೆ ವಿಎಸ್, ಎಸ್‌ಐ ಎಂಬ ದರ್ಜೆಗಳು. ಪೇಟೆಯ ಹೊಗಳಿಕೆಯನ್ನು ಕೇಳಿ ಸಂತೋಷಪಡೋಣ, ಬೆಲೆಯ ಮಾತು ವರದಿಯ ಮೇಲೆ ನಡೆಯಲಿ.

ವರದಿ ಕೈಗೆ ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಬರೀ ವಜ್ರ ಕೊಳ್ಳುವ ವ್ಯಾಪಾರಿಗಳನ್ನು ಕಂಡೆವು. ಚಿನ್ನವನ್ನು ಬೇರೆಯಾಗಿ, ನಮ್ಮೆದುರೇ ಯಂತ್ರದಲ್ಲಿ ಶುದ್ಧತೆ ನೋಡಿಸಿ ಮಾರಿದೆವು. ಕಲ್ಲಿಗೆ ಕೊನೆಗೆ ಸಿಕ್ಕಿದ್ದು, ಹೊಸ ಬೆಂಡೋಲೆಯಲ್ಲಿ ಅದೇ ದರ್ಜೆಯ ಹರಳಿಗೆ ಅಂಗಡಿಗಳು ಹೇಳುತ್ತಿದ್ದ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ಕಡಿಮೆ ಎನಿಸಬಹುದು. ಮೊದಲ ಅಂಗಡಿ ಕೊಡಲಿದ್ದ ಸೊನ್ನೆಯ ಎದುರು ಇಟ್ಟು ನೋಡಿ.

ತಂಗಿಯ ಪದಕದ ಸೆಟ್ಟಿನ ಕಥೆ ಬೇರೆ. 18 ಕ್ಯಾರಟ್ ಚಿನ್ನದಲ್ಲಿ ಸಾಸಿವೆಯಷ್ಟು ಕಲ್ಲುಗಳು ತುಂಬಿರುವ ಈ ಕಾಲದ ಮಾಲು. ಇಂಥ ಚೂರು ಹರಳಿಗೆ ಹೊರಗೆ ಬೆಲೆಯೇ ಹುಟ್ಟುವುದಿಲ್ಲ. ಬಿಡಿಸುವ ಕೂಲಿಯೇ ಭಾರವಾಗುತ್ತದೆ. ಮಜೂರಿ, ಶೇ 3ರ ಜಿಎಸ್‌ಟಿ ಅಂತೂ ಕೊಂಡ ದಿನವೇ ಹೋದ ದುಡ್ಡು. ಅದಕ್ಕಿದ್ದ ಒಂದೇ ದಾರಿ ಕೊಂಡ ಅಂಗಡಿ, ಅದೂ ಬಿಲ್ ಇದ್ದುದರಿಂದ. ಬಹಳಷ್ಟು ಕಡೆ ಬದಲಾಯಿಸಿ ಬೇರೆ ಒಡವೆ ಕೊಂಡರೆ ವಜ್ರಕ್ಕೆ ಹೆಚ್ಚು, ನಗದು ಬೇಕೆಂದರೆ ಕಡಿಮೆ. ಬದಲಾವಣೆಯಲ್ಲಿ ಪೂರ್ತಿ ಬೆಲೆ ಎನ್ನುವ ಮಾತಿನ ಹಿಂದೆ ಹೊಸ ಒಡವೆಯ ಹೊಸ ಮಜೂರಿ ಕಾದಿರುತ್ತದೆ. ತಂಗಿಗೆ ಹಣದ ತುರ್ತು ಇರಲಿಲ್ಲ, ಮಾರಲಿಲ್ಲ. ತುರ್ತು ಇದ್ದಿದ್ದರೂ ಅಡವಿಡುವ ದಾರಿ ಕಿರಿದು: ಚಿನ್ನದ ಸಾಲಕ್ಕೆ ಬ್ಯಾಂಕುಗಳು ಕಲ್ಲು ಕಳೆದು ಚಿನ್ನದ ಬೆಲೆಯನ್ನಷ್ಟೇ ಹಿಡಿಯುತ್ತವೆ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಇಟ್ಟುಕೊಂಡಿರುವವರು ಇನ್ನೂ ಎಚ್ಚರವಾಗಿರಬೇಕು. ಅದೂ ವಜ್ರವೇ, ಅಂಗಡಿಯ ಪರೀಕ್ಷೆ ಪೆನ್ನು ಅದನ್ನು ಗಣಿಯ ವಜ್ರದಿಂದ ಬೇರೆ ಮಾಡಿ ತೋರಿಸದು. ಆದರೆ ಈಚಿನ ವರ್ಷಗಳಲ್ಲಿ ಅದರ ಬೆಲೆ ಪಾತಾಳಕ್ಕಿಳಿದಿದೆ, ಮರಳಿ ಕೊಳ್ಳುವವರು ವಿರಳ. ತೊಡಲು ಚೆಂದ, ಉಳಿತಾಯವೆಂದು ಎಣಿಸಬೇಡಿ.

ಇನ್ನು ತೆರಿಗೆ. ಒಡವೆ ಮಾರಿದ ಲಾಭ ಬಂಡವಾಳ ಗಳಿಕೆ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟಿದ್ದರೆ ದೀರ್ಘಾವಧಿಯದು. 2024ರ ಜುಲೈ 23ರ ನಂತರದ ಮಾರಾಟಕ್ಕೆ ಶೇ 12.5. ಉಡುಗೊರೆಯಾಗಿ ಇಲ್ಲವೇ ಪಿತ್ರಾರ್ಜಿತವಾಗಿ ಬಂದದ್ದಾದರೆ ಕೊಟ್ಟವರು ಕೊಂಡ ಬೆಲೆಯೇ ಅಸಲು. 2001ರ ಏಪ್ರಿಲ್ 1ಕ್ಕೆ ಮುಂಚಿನ ಒಡವೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲೆಂದು ಹಿಡಿಯಬಹುದು. 1971ರ ಬಿಲ್ ಎಲ್ಲಿಂದ ತರುವುದು? ಮೌಲ್ಯಮಾಪಕರಿಂದ 2001ರ ಬೆಲೆಗೆ ವರದಿ ಬರೆಸಿಕೊಂಡೆವು. ಬೇರೆ ಆದಾಯ ಕಡಿಮೆ ಇರುವ ಹಿರಿಯರು ಮೂಲ ವಿನಾಯಿತಿ ಮಿತಿಯಲ್ಲಿ ಬಳಕೆಯಾಗದೆ ಉಳಿದ ಭಾಗವನ್ನು ಈ ಲಾಭಕ್ಕೆ ಹೊಂದಿಸಿಕೊಳ್ಳಬಹುದು. ಅಮ್ಮನಿಗೆ ಇದರಿಂದ ಅನುಕೂಲವಾಯಿತು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಚಿಕ್ಕ ಮೊತ್ತವನ್ನೂ ಖಾತೆಗೇ ಹಾಕಿಸಿಕೊಳ್ಳಿ, ಮಾರಿದವರ ಹೆಸರಿನ ಖಾತೆಗೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೆಂಗಸರ ಒಡವೆಯ ದುಡ್ಡು ಮನೆಯ ಸಾಲಕ್ಕೋ ಮಗನ ವ್ಯಾಪಾರಕ್ಕೋ ಸದ್ದಿಲ್ಲದೆ ಕರಗುವುದನ್ನು ನಾನು ಬಹಳ ಕಂಡಿದ್ದೇನೆ.

ಅಮ್ಮನ ಹಣ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ. ಫಿಸಿಯೋಥೆರಪಿಗೆ ಬರುವ ಹುಡುಗಿಗೆ ಈಗ ಅವಳೇ ದುಡ್ಡು ಕೊಡುತ್ತಾಳೆ, ನಮ್ಮನ್ನು ಕೇಳುವುದಿಲ್ಲ.