ಮನೆಯ ನೀರಿನ ಮೀಟರು, ಹೊಲದ ನೀರಿನ ಲೆಕ್ಕ



ಊರಿನ ನಳಗಳಿಗೆ ಡಿಜಿಟಲ್ ಮೀಟರ್ ಕೂಡಿಸುತ್ತಾರೆ ಎಂಬ ಸುದ್ದಿ ಬಂದರೆ ಸಾಕು, ಗಟ್ ಕಚೇರಿಯ ಕಟ್ಟೆಯ ಮೇಲೆ ಎರಡು ಮಾತು ಕೇಳಿಬರುತ್ತವೆ. ‘ಪಾಣಿಪಟ್ಟಿ ಏರಿಸಲು ಇದೊಂದು ನೆಪ’ ಎಂಬುದು ಒಂದು. ‘ಅದು ಓಡಿದಷ್ಟು ಓಡುತ್ತದೆ, ನಮಗೇನು ತಿಳಿಯುತ್ತದೆ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಬೇಕಾದವರು ನಗರ ಪರಿಷತ್ತಿನವರು. ಎರಡನೆಯದಕ್ಕೆ ಉತ್ತರ ನಮ್ಮ ಕೈಯಲ್ಲೇ ಇದೆ. ಆದ್ದರಿಂದ ಈ ಸಲದ ಪಾಠ ಮೀಟರ್ ಓದುವುದನ್ನು ಕುರಿತದ್ದು.

ಮಲಕಾಪುರದ ಉದಾಹರಣೆ

ದೂರ ಹೋಗಬೇಕಾಗಿಲ್ಲ. ನೆರೆಯ ಸಾತಾರಾ ಜಿಲ್ಲೆಯಲ್ಲಿ, ಕರಾಡದ ಮಗ್ಗುಲಲ್ಲಿರುವ ಮಲಕಾಪುರದಲ್ಲಿ 2009ರ ಆಸುಪಾಸಿನಿಂದಲೇ ಇಂಥ ವ್ಯವಸ್ಥೆ ನಡೆದಿದೆ. ಅಲ್ಲಿಯ ಮೀಟರಿನಲ್ಲಿ ಅಂಕಿಯನ್ನು ರೇಡಿಯೋ ಅಲೆಗಳ ಮೂಲಕ ಕಳಿಸುವ ಸಣ್ಣ ಯಂತ್ರವಿದೆ. ನೌಕರನು ಕೈಯಲ್ಲಿ ಯಂತ್ರ ಹಿಡಿದು ರಸ್ತೆಯಲ್ಲಿ ಹೋದರೆ ಮನೆಮನೆಯ ಅಂಕಿ ತಾನಾಗಿ ಅದರಲ್ಲಿ ಬೀಳುತ್ತದೆ. ಬಾಗಿಲು ತಟ್ಟುವುದಿಲ್ಲ, ಅಂದಾಜಿನ ಬಿಲ್ಲೂ ಇಲ್ಲ. ಕಡಿಮೆ ಬಳಸಿದವರಿಗೆ ಕಡಿಮೆ ದರ, ಹೆಚ್ಚು ಬಳಸಿದಂತೆ ಏರುವ ದರ.

ಆದರೆ ಒಂದು ಮಾತನ್ನು ಮರೆಯಬಾರದು. ಮಲಕಾಪುರದಲ್ಲಿ ಮೀಟರೊಂದೇ ಬರಲಿಲ್ಲ. ಹೊಸ ಕೊಳವೆಗಳೂ ದಿನದ 24 ತಾಸಿನ ನೀರೂ ಅದರ ಜೊತೆಗೇ ಬಂದವು. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಾರ್ಡುಗಳಲ್ಲಿಯೂ ಮೀಟರು ಮತ್ತು ನಿರಂತರ ನೀರು ಹೀಗೆ ಕೂಡಿಯೇ ಬಂದವು. ನೀರು ಎರಡು-ಮೂರು ದಿನಕ್ಕೊಮ್ಮೆ ಬರುವಲ್ಲಿ, ಮೊದಲು ಕೊಳವೆಯೊಳಗಿನ ಗಾಳಿ ನುಗ್ಗಿ ಚಕ್ರವಿರುವ ಮೀಟರನ್ನು ತಿರುಗಿಸುತ್ತದೆ. ಗಾಳಿಗೂ ಬಿಲ್ಲು ಬರುತ್ತದೆ! ಆದ್ದರಿಂದ ನಮ್ಮ ಊರಿನ ಸಭೆಯಲ್ಲಿ, ‘ಮುಖ್ಯ ಕೊಳವೆಗೆ ಗಾಳಿ ಬಿಡುವ ವಾಲ್ವು ಇದೆಯೇ?’ ಎಂದು ಕೇಳುವುದು ತಪ್ಪಲ್ಲ.

ಮೀಟರ್ ಓದುವ ಕ್ರಮ

1. ಒಂದು ಯೂನಿಟ್ ಎಂದರೆ ಒಂದು ಘನ ಮೀಟರ್, ಅಂದರೆ 1,000 ಲೀಟರ್. ಸಾಮಾನ್ಯವಾಗಿ ಬಿಂದುವಿನ ಹಿಂದಿನ ಅಂಕಿಗಳು ಯೂನಿಟ್ಟು, ಮುಂದಿನ ಮೂರು ಅಂಕಿಗಳು ಲೀಟರು. 128.450 ಎಂದಿದ್ದರೆ 128 ಯೂನಿಟ್ಟು, 450 ಲೀಟರು.

2. ಹಳೆಯ ಮೀಟರ್ ಬಿಚ್ಚುವ ದಿನ ಅದರ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ, ಎರಡನ್ನೂ ಬರೆದುಕೊಂಡು ನೌಕರನ ಸಹಿ ಪಡೆಯಿರಿ.

3. ನೀರು ಬಿಟ್ಟಿರುವಾಗ, ಟಾಕಿ ತುಂಬಿದ ಮೇಲೆ ಎಲ್ಲ ನಳ ಮುಚ್ಚಿ ಅಂಕಿ ನೋಡಿರಿ. ಅರ್ಧ ತಾಸಿನ ನಂತರ ಮತ್ತೆ ನೋಡಿರಿ. ಅಂಕಿ ಸರಿದಿದ್ದರೆ ಎಲ್ಲೋ ಸೋರುತ್ತಿದೆ.

4. ಕೂಡು ಕುಟುಂಬದವರು ವಿಶೇಷವಾಗಿ ಗಮನಿಸಬೇಕು. ಹತ್ತು ಜನ ತಲೆಗೆ 100 ಲೀಟರಿನಂತೆ ಬಳಸಿದರೆ ತಿಂಗಳಿಗೆ 30 ಯೂನಿಟ್ಟು ಆಗುತ್ತದೆ. ಎಮ್ಮೆಗಳ ನೀರು ಬೇರೆ. ಒಂದೇ ಮೀಟರಿದ್ದರೆ ಹಾಳು ಮಾಡದಿದ್ದರೂ ಮೇಲಿನ ದರಕ್ಕೆ ಬೀಳುತ್ತೀರಿ. ಒಲೆ ಬೇರೆಯಾಗಿದ್ದರೆ ಜೋಡಣೆಯೂ ಬೇರೆ ಬೇಕೆಂದು ಮೊದಲೇ ಅರ್ಜಿ ಕೊಡಿರಿ.

ಮೂರನೆಯದನ್ನು ನಾನು ಪುಸ್ತಕ ನೋಡಿ ಬರೆದಿಲ್ಲ. ಒಮ್ಮೆ ನನ್ನ ಮನೆಗೆ ಒಂದೂವರೆ ಪಟ್ಟು ಬಿಲ್ಲು ಬಂತು. ನಾನೂ ಮೀಟರನ್ನೇ ಬೈದೆ. ಪರೀಕ್ಷೆ ಮಾಡಿದರೆ ಅರ್ಧ ತಾಸಿಗೆ 20 ಲೀಟರ್ ಹೋಗಿತ್ತು. ಮಾಳಿಗೆಯ ಟಾಕಿಯೊಳಗಿನ ತೇಲುಗುಂಡು ಕೆಟ್ಟು, ನೀರು ಹಿಂಗೋಡೆಗುಂಟ ಹರಿಯುತ್ತಿತ್ತು. ಮೀಟರು ಸುಳ್ಳು ಹೇಳಿರಲಿಲ್ಲ.

ಇನ್ನು ಹೊಲದ ಲೆಕ್ಕ

ಗ್ರಾಮೀಣ ಮನೆಗಳಿಗೆ ಜಲಜೀವನ ಯೋಜನೆ ಇಟ್ಟುಕೊಂಡ ಅಳತೆ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್, ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್. ಈಗ ಒಂದು ಎಕರೆ ಹೊಲದಲ್ಲಿ ಒಂದು ಇಂಚು ನೀರು ನಿಲ್ಲಿಸಿರಿ. ಅದೂ ಒಂದು ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು. ಕಬ್ಬಿನ ಸಾಲಿಗೆ ನೀರು ಬಿಟ್ಟಾಗ ಒಂದು ಪಾಳಿಗೆ ಮೂರು ಇಂಚು ಸಹಜವಾಗಿ ಹೋಗುತ್ತದೆ. ಅಂದರೆ ಒಂದು ಎಕರೆಯ ಒಂದು ಪಾಳಿಯಲ್ಲಿ ಮೂರು ಮನೆಗಳ ಒಂದು ವರ್ಷದ ನೀರು!

2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋದದ್ದು ನಿಮಗೆ ನೆನಪಿರಬಹುದು. ಮೊದಲ ರೈಲಿನ ಹತ್ತು ಡಬ್ಬಿಗಳಲ್ಲಿ ಇದ್ದದ್ದು ಐದು ಲಕ್ಷ ಲೀಟರ್. ದೇಶವೆಲ್ಲ ಮಾತಾಡಿಕೊಂಡ ಆ ನೀರು ನಮ್ಮ ಒಂದು ಎಕರೆ ಕಬ್ಬಿಗೆ ಎರಡು ಪಾಳಿಗೂ ಸಾಲದು.

ಇದನ್ನು ಕಬ್ಬು ಬಿಡಿರಿ ಎಂದು ಹೇಳಲು ಬರೆದಿಲ್ಲ. ಆ ಮಾತು ನನ್ನ ಕೆಲಸವೂ ಅಲ್ಲ. ಮಳೆ ಕಡಿಮೆಯಾದ ಜತ್ತ ತಾಲೂಕಿಗೆ ಮ್ಹೈಸಾಳದಿಂದ ಕೃಷ್ಣೆಯ ನೀರು ಹಂತಹಂತವಾಗಿ ಪಂಪುಗಳಿಂದ ಏರಿ ಬರುತ್ತದೆ. ಪ್ರತಿ ಲೀಟರಿನ ಹಿಂದೆ ಕರೆಂಟಿನ ಖರ್ಚಿದೆ. ಕಾಲುವೆಯ ನೀರನ್ನು ಅಳೆದು ಕೊಡಬೇಕೆಂದು ಮಹಾರಾಷ್ಟ್ರದಲ್ಲಿ 2005ರಲ್ಲಿಯೇ ಪಾಣಿ ಬಳಕೆ ಸಂಸ್ಥೆಗಳ ಕಾಯ್ದೆಯಾಗಿದೆ. ಎಕರೆಯ ಮೇಲಿನ ದರ ಇಂದಲ್ಲ ನಾಳೆ ಅಳತೆಯ ದರವಾದೀತು. ಅಂದು ಬೇರೆಯವರು ಬರೆದ ಅಂಕಿಗೆ ಸಹಿ ಹಾಕುವ ಬದಲು, ಇಂದೇ ನಮ್ಮ ಅಂಕಿ ನಾವು ಬರೆದಿಟ್ಟರೆ ವಾದಿಸಲು ಆಧಾರವಿರುತ್ತದೆ.

ಈ ತಿಂಗಳ ಅಭ್ಯಾಸ

ಮನೆಯ ಮೀಟರಿದ್ದವರು ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಅಂಕಿ ಬರೆದಿಡಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿರಿ. ಹೊಲದಲ್ಲಿ ಪಂಪಿನ ಬಾಯಿಗೆ 200 ಲೀಟರಿನ ಬ್ಯಾರಲ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿರಿ. 40 ಸೆಕೆಂಡಾದರೆ ತಾಸಿಗೆ 18,000 ಲೀಟರ್. ಅದನ್ನು ಪಂಪು ಓಡಿದ ತಾಸುಗಳಿಂದ ಗುಣಿಸಿದರೆ ಒಂದು ಪಾಳಿಯ ನೀರು ಸಿಗುತ್ತದೆ. ಸಾಲಿನ ನೀರಿನ ಪ್ಲಾಟು, ಹನಿ ನೀರಾವರಿಯ ಪ್ಲಾಟು ಎರಡೂ ಇದ್ದವರು ಎರಡನ್ನೂ ಬರೆಯಿರಿ. ವ್ಯತ್ಯಾಸ ನಿಮಗೇ ಕಾಣುತ್ತದೆ.

ಆ ಚೀಟಿಯನ್ನು ಗಟ್ ಕಚೇರಿಗೆ ತನ್ನಿರಿ. ಕೂಡಿ ಕುಳಿತು ಲೆಕ್ಕ ಹಾಕೋಣ.

— ಊಸ ವಿಕಾಸ ಅಧಿಕಾರಿ