ಸಮಾಜಶಾಸ್ತ್ರದ ಅಧ್ಯಯನವೂ ನಮ್ಮ ಹಳ್ಳಿಗಳೂ

ಸಮಾಜಶಾಸ್ತ್ರವೆಂದರೆ ಇತರರು ಬರೆದಿಟ್ಟ ವ್ಯಾಖ್ಯೆಗಳನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವ ವಿಷಯವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬಹುಮಟ್ಟಿಗೆ ಬೇರೂರಿದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮಗೆ, ನಮ್ಮ ಊರೇ ಒಂದು ಪಠ್ಯವೆಂಬುದು ಹೊಳೆಯುವುದು ಅಪರೂಪ. ಆದರೆ ಈ ಶಾಸ್ತ್ರವು ನಮ್ಮ ನಾಡಿನಲ್ಲಿ ಬೆಳೆದದ್ದು ಹಳ್ಳಿಗಳಿಂದಲೇ.

ಹಿಂದೆ ಜಾತಿಯ ವಿಚಾರವನ್ನು ಧರ್ಮಗ್ರಂಥಗಳ ನಾಲ್ಕು ವರ್ಣಗಳಿಂದ ವಿವರಿಸುವುದು ವಾಡಿಕೆಯಾಗಿತ್ತು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ರಾಂಪುರವೆಂಬ ಹೆಸರಿಟ್ಟು, ಅಲ್ಲಿಯ ಜೀವನವನ್ನು ಕಣ್ಣಾರೆ ಕಂಡು ಬರೆದರು. ಭೂಮಿ, ಜನಬಲ ಇರುವ ಜಾತಿಯೇ ಊರಿನಲ್ಲಿ ಮೇಲುಗೈ ಪಡೆಯುವುದನ್ನು ಗುರುತಿಸಿ ಅದನ್ನು ‘ಪ್ರಬಲ ಜಾತಿ’ ಎಂದು ಕರೆದರು. ಪುಸ್ತಕದ ನೋಟ ಬೇರೆ, ಕ್ಷೇತ್ರದ ನೋಟ ಬೇರೆ ಎಂಬುದು ಹೀಗೆ ಸ್ಥಿರಪಟ್ಟಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಉತ್ತರ ಪ್ರದೇಶದ ಹಳ್ಳಿಯೊಂದನ್ನು ಆಧರಿಸಿ ವಿಲಿಯಂ ವೈಸರ್ 1936ರಲ್ಲಿ ಜಜಮಾನಿ ಪದ್ಧತಿಯನ್ನು ವರ್ಣಿಸಿದರು. ಕಮ್ಮಾರ, ಬಡಗಿ, ಮಡಿವಾಳ ಮೊದಲಾದವರು ವಂಶಪಾರಂಪರ್ಯವಾಗಿ ಒಕ್ಕಲು ಮನೆಗಳ ಕೆಲಸ ಮಾಡಿ ಧಾನ್ಯ ಪಡೆಯುವ ವ್ಯವಸ್ಥೆಯಿದು. ನಮ್ಮಲ್ಲಿ ಆಯ ಕೊಡುವುದೆಂದರೆ ಹೆಚ್ಚುಕಡಿಮೆ ಇದೇ. ಆದರೆ ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ಅಡಕೆ ಬೆಳೆಯುವ ಹಳ್ಳಿಯನ್ನು ಅಧ್ಯಯನ ಮಾಡಿದ ಎಡ್ವರ್ಡ್ ಹಾರ್ಪರ್, 1959ರ ತಮ್ಮ ಲೇಖನದಲ್ಲಿ ಇಲ್ಲಿಯ ರೀತಿಯೇ ಬೇರೆಯೆಂದು ತೋರಿಸಿದರು. ಅಡಕೆಯು ಮಾರಾಟದ ಬೆಳೆಯಾದ್ದರಿಂದ ಕೊಡುಕೊಳ್ಳುವಿಕೆಯಲ್ಲಿ ಹಣದ ಪಾತ್ರ ಹಿರಿದಾಗಿತ್ತು. ಸಂಬಂಧಗಳು ಅಷ್ಟು ಸ್ಥಿರವಾಗಿರಲಿಲ್ಲ. ಒಂದು ಬೆಳೆಯು ಮನುಷ್ಯ ಸಂಬಂಧವನ್ನೇ ಬದಲಿಸಬಲ್ಲದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಗದ್ದೆ, ತೋಟಗಳೆರಡೂ ಇರುವ ನಮ್ಮ ತಾಲ್ಲೂಕುಗಳಲ್ಲಿ ಆಯ ಎಲ್ಲಿ ಉಳಿಯಿತು, ಎಲ್ಲಿ ನಿಂತಿತು, ಏಕೆ? ಊರಿನ ಹಿರಿಯರನ್ನು ಕೇಳಿದರೆ ಒಳ್ಳೆಯ ಪ್ರಬಂಧವೊಂದು ಸಿದ್ಧವಾದೀತು.

ಆದರೆ ಕೇಳುವುದು ಸುಲಭವಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರ ಮಾರ್ಚಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು. ಬಳಿಕ ಸರಕಾರ ಆ ಸೇವೆಯನ್ನು ನಿಷೇಧಿಸಿತು. ಇದನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಶಾಸ್ತ್ರಕ್ಕೆ ಕೆಲಸವಿಲ್ಲ. ಪರಂಪರೆಯೆಂದು ಕೈಮುಗಿದರೂ ಇಲ್ಲ. ಹರಕೆ ಹೊತ್ತವರು ಯಾರು, ವಿರೋಧಿಸಿದವರು ಯಾರು, ಅವರಲ್ಲಿ ಸ್ತ್ರೀಯರ, ದಲಿತರ ಮಾತನ್ನು ಕೇಳಿದವರೆಷ್ಟು ಜನ ಎಂದು ವಿಚಾರಿಸಬೇಕಾಗುತ್ತದೆ. 1992ರಲ್ಲಿ ಲಿಂಡಾ ಎಪ್ ಎಂಬ ವಿದುಷಿ ಈ ಘಟನೆಯನ್ನು ದಲಿತ ಹೋರಾಟದೊಡನೆ ಇಟ್ಟು ಪರಿಶೀಲಿಸಿದರು.

ಇಂದಿನ ಸಂಶೋಧನೆಯ ಮುಖ್ಯ ಒಲವೂ ಇದೇ ಆಗಿದೆ. ಅಧ್ಯಯನ ಮಾಡುವವನ ಜಾತಿ, ಲಿಂಗ, ಅಂತಸ್ತು ಅವನ ಕಣ್ಣಿಗೆ ಏನನ್ನು ಮರೆಮಾಡುತ್ತವೆ ಎಂಬ ಪ್ರಶ್ನೆ ಮುಂದೆ ಬಂದಿದೆ. ತನ್ನೂರಿನಲ್ಲಿ ವಿದ್ಯಾರ್ಥಿಗೆ ಎಲ್ಲ ಕೇರಿಗಳ ಬಾಗಿಲೂ ಒಂದೇ ರೀತಿ ತೆರೆಯುವುದಿಲ್ಲ. ತಾನು ಹೋಗದ ಕೇರಿ ಯಾವುದೆಂಬುದನ್ನೂ ಅವನು ಬರೆದಿಡಬೇಕು. ಹೇಳಿದವರ ಒಪ್ಪಿಗೆ ಪಡೆಯಬೇಕು. ತೊಂದರೆಯಾಗುವಂತಿದ್ದರೆ ಹೆಸರು ಮರೆಸಬೇಕು. ಅಂಕಿಅಂಶಗಳನ್ನು ಗಣಕಯಂತ್ರ ಕ್ಷಣದಲ್ಲಿ ಕೂಡಿಸಿಕೊಟ್ಟೀತು. ಆದರೆ ತಪ್ಪು ಪ್ರಶ್ನೆಗೆ ಬಂದ ಉತ್ತರವನ್ನು ಅದು ತಿದ್ದಲಾರದು.

ಕೊನೆಯದಾಗಿ ಭಾಷೆಯ ಮಾತು. ಮೇಲೆ ಹೇಳಿದ ಬರಹಗಳೆಲ್ಲ ಮೊದಲು ಪ್ರಕಟವಾದದ್ದು ಇಂಗ್ಲಿಷಿನಲ್ಲಿ. ಯಾರ ಬದುಕನ್ನು ಕುರಿತು ಬರೆಯಲಾಯಿತೋ ಅವರು ಅದನ್ನು ಓದಿ ‘ಇದು ಸರಿ, ಇದು ತಪ್ಪು’ ಎನ್ನಲು ಆಸ್ಪದವಾಗಲಿಲ್ಲ. ನಮ್ಮ ವಿದ್ಯಾರ್ಥಿಗಳು ತಮ್ಮ ಊರನ್ನು ಕನ್ನಡದಲ್ಲಿ ಬರೆದು, ಊರವರ ಮುಂದೆ ಓದುವಂತಾದರೆ, ಶಾಸ್ತ್ರಕ್ಕೂ ಊರಿಗೂ ಉಪಕಾರವಾದೀತು.